ಜಡ್ಜರ ಗುಲಾಬಿ ಗೌನು

ಮಲಗಿ ಎಷ್ಟೋ ಹೊತ್ತಾದ ಮೇಲೆ ದಿಂಬಿನ ಪಕ್ಕದಲ್ಲಿ ‘ಟಿಣ್’ ಎಂದಿತು. ಚಮಚ ಲೋಟಕ್ಕೆ ತಗುಲಿದರೆ ಆಗುವಷ್ಟು ಸಣ್ಣ ಸದ್ದು. ನಾನು ನಿದ್ದೆಯಲ್ಲೂ ಒಂದು ಕಿವಿಯನ್ನು ಕಾವಲಿಗಿಟ್ಟು ಮಲಗುವವಳು. ಅಂಗಡಿಯ ಬಾಯ್ಲರ್ ಆರಿಸಿದೆವೋ ಇಲ್ಲವೋ, ಹಿಂದಿನ ಕೋಣೆಯ ನಲ್ಲಿ ನಿಂತಿದೆಯೋ ಇಲ್ಲವೋ ಎಂದು ಆ ಕಿವಿ ರಾತ್ರಿಯಿಡೀ ವಿಚಾರಿಸಿಕೊಳ್ಳುತ್ತಿರುತ್ತದೆ. ಧಡಕ್ಕನೆ ಎದ್ದೆ. ನಮ್ಮವರು ನನಗಿಂತ ಮೊದಲೇ ಎದ್ದು ಕೂತು, ಕನ್ನಡಕವನ್ನು ತಲೆಕೆಳಗಾಗಿ ಹಾಕಿಕೊಂಡು ಫೋನು ನೋಡುತ್ತಿದ್ದರು.

“ಬಂತು ಕಣೇ! ನಮ್ಮ ಸಿಸ್ಟಮ್ಮಿಗೆ ಮೊದಲನೇ ದುಡ್ಡು ಬಂತು!”

“ಈ ಹೊತ್ತಲ್ಲಿ ಲಾಂಡ್ರಿಗೆ ಯಾರ್ರೀ ದುಡ್ಡು ಕೊಡ್ತಾರೆ?”

“ಯಾರು ಅಂತ ಅದೇ ಹೇಳತ್ತೆ. ಅದಕ್ಕೇ ತಾನೇ ಸ್ವಂತದ್ದು ಮಾಡಿಸಿರೋದು?”

ಪರದೆಯ ಮೇಲೆ ಹೀಗಿತ್ತು: ‘ಮಾನ್ಯ ಜಡ್ಜರೇ, ಗುಲಾಬಿ ಬಣ್ಣದ ಗೌನು ಒಂದು, ತೋಳಿಗೆ ಗರಿ ಇರುವುದು. ತಮ್ಮ ಹಣ ಸಂದಿದೆ. ವಂದನೆಗಳು.’

ಜಡ್ಜರೆಂದರೆ ನಮ್ಮ ಕಟ್ಟಡದ ಮಾಲೀಕರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರು ಮೆಟ್ಟಿಲಿಳಿದು ಬಂದರೆ ಬೀದಿಯಲ್ಲಿ ನಿಂತವರು ಸುಮ್ಮನೆ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಾರೆ. ಕೆಳಗೆ ನಮ್ಮ ಅಂಗಡಿ, ಅದರ ಹಿಂದೆ ನಮ್ಮ ಮನೆ, ಮೇಲಿನ ಮಹಡಿಯಲ್ಲಿ ಅವರು. ಅಂಗಡಿಯ ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಒಬ್ಬ ಶೂ ಅಂಗಡಿಯವನು ಆಗಲೇ ಎರಡು ಸಲ ಬಂದು ನಮ್ಮ ಗೋಡೆಗಳನ್ನು ಟೇಪಿನಿಂದ ಅಳೆದುಕೊಂಡು ಹೋಗಿದ್ದ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಯಂತ್ರಗಳನ್ನು ಕಿತ್ತುಕೊಂಡು ನಾವು ಎಲ್ಲಿಗೆ ಹೋಗುವುದು? ಕರಾರು ಮುಂದುವರಿಸುವುದೂ ಬಿಡುವುದೂ ಜಡ್ಜರ ಒಂದು ಸಹಿಗೆ ಬಿಟ್ಟದ್ದು. ಈಗ ಅವರ ಫೋನಿನಲ್ಲೂ ಇದೇ ‘ಟಿಣ್’ ಆಗಿತ್ತು. ಮತ್ತು ಅವರ ಫೋನು ಸದಾ ಇರುವುದು ಅವರ ಹೆಂಡತಿಯ ಕೈಯಲ್ಲಿ.

“ರೀ, ಇದೇನೋ ತಪ್ಪಾಗಿದೆ.”

“ಸಿಸ್ಟಮ್ ತಪ್ಪು ಮಾಡಲ್ಲ. ಮನುಷ್ಯರು ಮಾಡ್ತಾರೆ,” ಎಂದರು ನಮ್ಮವರು. ಕನ್ನಡಕ ತೆಗೆದು ದಿಂಬಿನಡಿ ಇಟ್ಟರು. “ರಿಟೈರಾದ ಮೇಲೆ ಮನುಷ್ಯನಿಗೆ ಏನಾದ್ರೂ ಒಂದು ಹವ್ಯಾಸ ಬೇಕಲ್ವಾ? ನಾಟಕ ಗೀಟಕ ಇರಬಹುದು. ನಾವು ಯಾಕೆ ಕೇಳಬೇಕು? ದುಡ್ಡು ಕೊಟ್ಟಿದ್ದಾರೆ.”

ಮಗ್ಗುಲಾಗಿ ಗೊರಕೆ ಹೊಡೆದರು. ನಾನು ಬೆಳಗಿನವರೆಗೆ ಮೇಲಿನ ಮಹಡಿಯ ಹೆಜ್ಜೆ ಸದ್ದು ಕೇಳುತ್ತಾ ಮಲಗಿದ್ದೆ.

ಈ ಸಿಸ್ಟಮ್ಮಿನ ಹುಟ್ಟು ಹೇಳದಿದ್ದರೆ ಮುಂದಿನದು ಯಾರಿಗೂ ನಂಬಿಕೆಯಾಗಲಾರದು. ಕೆಲವು ವಾರಗಳ ಹಿಂದೆ ಫೋನಿನಲ್ಲಿ ಹಣ ತೆಗೆದುಕೊಳ್ಳುವ ಏರ್ಪಾಡನ್ನು ಮಾರುವ ಒಬ್ಬ ಹುಡುಗಿ ಅಂಗಡಿಗೆ ಬಂದಿದ್ದಳು. ಅಂಟಿಸಲು ಒಂದು ಫಲಕ, ಬಂದ ಹಣವನ್ನು ಕೂಗಿ ಹೇಳಲು ಒಂದು ಡಬ್ಬ, ಪ್ರತಿ ಪಾವತಿಯಲ್ಲೂ ಚೂರು ಕಮಿಷನ್. ಪಕ್ಕದ ಬೇಕರಿಯವನು ಅವಳಿಂದ ಆಗಲೇ ಕೊಂಡಿದ್ದ. ಅವನ ಡಬ್ಬ ದಿನವಿಡೀ ಕೂಗುವುದು ನಮ್ಮ ಇಸ್ತ್ರಿ ಮೇಜಿನವರೆಗೂ ಕೇಳುತ್ತಿತ್ತು. ಎಲ್ಲ ಸರಿಯಾಗಿತ್ತು. ಆದರೆ ಆ ಹುಡುಗಿ ಅರ್ಜಿ ತುಂಬುತ್ತಾ, ‘ಸಣ್ಣ ವ್ಯಾಪಾರಿ’ ಎಂಬಲ್ಲಿ ಗುರುತು ಹಾಕಿಬಿಟ್ಟಳು.

“ಸಣ್ಣ ವ್ಯಾಪಾರಿನಾ?” ಎಂದರು ನಮ್ಮವರು. “ಅಮ್ಮಾ, ಈ ಬೀದಿಯ ಅರ್ಧ ಮರ್ಯಾದೆ ನಮ್ಮ ಅಂಗಡೀಲಿ ಒಗೆದು ಇಸ್ತ್ರಿಯಾಗಿ ಹೋಗತ್ತೆ. ಗೊತ್ತಾ?”

“ಸಾರ್, ಅದು ಬರೀ ಕೆಟಗರಿ...”

“ನಾವು ಕೊಂಡುಕೊಳ್ಳೋರಲ್ಲ. ನಾವೇ ಮಾಡಿಸ್ತೀವಿ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಹ್ಯಾಂಗರುಗಳನ್ನು ನೋಡಿದೆ.

ಮಾಡಲು ಸಿಕ್ಕವನು ನನ್ನ ತಮ್ಮ. ಅವನು ಫೋನು ರಿಪೇರಿ ಮಾಡುತ್ತಾನೆ, ಜೊತೆಗೆ ಬ್ಯಾಂಡ್ ಮೇಳದವರಿಗೆ, ಡ್ರೈವಿಂಗ್ ಶಾಲೆಯವರಿಗೆ ವೆಬ್‌ಸೈಟು ಮಾಡಿಕೊಡುತ್ತಾನೆ. ಆಗುವುದಿಲ್ಲ ಎನ್ನುವ ಮಾತು ಅವನ ಬಾಯಿಗೆ ಬರುವುದಿಲ್ಲ. ಆಗದಿದ್ದಾಗ ಫೋನು ಎತ್ತುವುದಿಲ್ಲ, ಅಷ್ಟೆ.

“ಭಾವ, ಒಂದೇ ಪ್ರಶ್ನೆ,” ಎಂದಿದ್ದ ಮೊದಲ ದಿನ. “ಪ್ರತಿ ಗಿರಾಕಿಗೂ ಒಂದು ನಂಬರು ಬೇಕು. ಇದೆಯಾ?”

ನಮ್ಮವರು ಹೆಮ್ಮೆಯಿಂದ ನಕ್ಕರು. “ನಮ್ಮಪ್ಪನ ಕಾಲದಿಂದ ಇದೆ.”

ಅವರು ಹೇಳಿದ್ದು ಬಟ್ಟೆಗೆ ಚುಚ್ಚುವ ಟ್ಯಾಗ್ ನಂಬರು. ನಮ್ಮ ಲಾಂಡ್ರಿಯಲ್ಲಿ ಯಾರ ಹೆಸರನ್ನೂ ಕೇಳುವುದಿಲ್ಲ. ಬಟ್ಟೆ ಬಂದರೆ ಅತ್ತೆ ಡಬ್ಬದಿಂದ ಒಂದು ಟ್ಯಾಗ್ ತೆಗೆದು ಪಿನ್ನು ಹಾಕುತ್ತಾರೆ, ಅದರ ಜೋಡಿಯನ್ನು ಗಿರಾಕಿಯ ಕೈಗೆ ಕೊಡುತ್ತಾರೆ. ಜೋಡಿ ತಂದವರಿಗೆ ಬಟ್ಟೆ. ಯಾವ ಬಟ್ಟೆ ಯಾರದೆಂದು ಹೊರಗೆ ಬಾಯಿಬಿಡುವಂತಿಲ್ಲ. ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಟ್ಯಾಗುಗಳಿಲ್ಲ, ಮೂರು ಅಂಕಿ ಆ ಸಣ್ಣ ಬಟ್ಟೆಪಟ್ಟಿಯ ಮೇಲೆ ಹಿಡಿಸುವುದಿಲ್ಲವೆಂದು ಅತ್ತೆ ಹೊಲಿಯುವುದನ್ನು ಅಲ್ಲಿಗೇ ನಿಲ್ಲಿಸಿದ್ದರು.

ತಮ್ಮ ಒಂದು ಇಡೀ ದಿನ ಅಂಗಡಿಯಲ್ಲಿ ಕೂತು, ಬಂದು ಹೋದವರ ಹೆಸರನ್ನೂ ಫೋನನ್ನೂ ಅವರ ಕೈಯಲ್ಲಿದ್ದ ಟ್ಯಾಗ್ ನಂಬರಿಗೆ ಸೇರಿಸಿಕೊಂಡ. ಜಡ್ಜರು ಅಂದು ತಮ್ಮ ಕರಿ ಕೋಟು ಒಯ್ಯಲು ಬಂದಿದ್ದರು. ಕೈಯಲ್ಲಿ ಇಪ್ಪತ್ತೇಳು. ಅವರು ಇಪ್ಪತ್ತೇಳಾದರು. ಬೇಕರಿಯವನು ಹದಿಮೂರಾದ. “ನೋಡಕ್ಕ, ಒಂದೇ ದಿನದಲ್ಲಿ ಊರೇ ಒಳಗೆ ಬಂತು,” ಎಂದ ತಮ್ಮ. ಇನ್ನು ಸಂಜೆ ಸಂಜೆ ಯಾವ ನಂಬರಿನಲ್ಲಿ ಏನು ಬಟ್ಟೆ ಇದೆ ಎಂದು ನಾನು ಟೈಪ್ ಮಾಡಬೇಕು. ಗಿರಾಕಿ ಎಲ್ಲಿ ಕೂತಾದರೂ ನಂಬರು ಒತ್ತಿ ಹಣ ಕೊಡಬಹುದು, ಬಟ್ಟೆ ಸಿದ್ಧವಾದ ಸುದ್ದಿಯೂ ಹಣ ಬಂದದ್ದಕ್ಕೆ ವಂದನೆಯೂ ತಾನಾಗಿ ಹೋಗುತ್ತವೆ. ಪದಗಳಲ್ಲಿ ತಪ್ಪಿರಬಾರದೆಂದು ಆ ವಂದನೆಯನ್ನು ನಾನೇ ಬರೆದುಕೊಟ್ಟಿದ್ದೆ.

ಬೆಳಿಗ್ಗೆ ಷಟರ್ ಪೂರ್ತಿ ಮೇಲೇರುವ ಮುಂಚೆಯೇ ಅದರ ಕೆಳಗೆ ಜಡ್ಜರ ಹೆಂಡತಿಯ ಚಪ್ಪಲಿ ಕಾಣಿಸಿತು. ಆಮೇಲೆ ಫೋನು ಹಿಡಿದ ಕೈ. ಕೊನೆಗೆ ಮುಖ.

“ಈ ಗೌನು ಯಾರದ್ದು?”

ನಾನು ಬಾಯಿ ತೆರೆಯುವುದರೊಳಗೆ ನಮ್ಮವರು ಮುಂದೆ ಬಂದು ಕೈಕಟ್ಟಿ ನಿಂತರು. “ಅಮ್ಮಾ, ಕ್ಷಮಿಸಬೇಕು. ನಮ್ಮಲ್ಲಿ ಒಂದು ಪದ್ಧತಿ ಇದೆ. ಗಿರಾಕಿಗಳ ವಿಷಯ ಮೂರನೆಯವರಿಗೆ ಹೇಳಲ್ಲ.”

“ಮೂರನೆಯವರಾ?” ಆಕೆ ಕೌಂಟರನ್ನು ಹಿಡಿದುಕೊಂಡರು. “ಅವರ ಜೊತೆ ಇಷ್ಟು ವರ್ಷ ಬಾಳಿ ನಾನು ಮೂರನೆಯವಳಾದ್ನಾ?”

“ಅಯ್ಯೋ, ಬಿಡ್ತು ಅನ್ನಿ! ನೀವು ಯಾವತ್ತಿದ್ರೂ ಎರಡನೆಯವರೇ. ಮೊದಲನೆಯವರು ಗೌನು ಹಾಕ್ಕೊಳೋರು.”

“ಹಾಗಾದ್ರೆ ಹಾಕ್ಕೊಳೋರು ಒಬ್ಬರು ಇದ್ದಾರೆ!”

“ಇದ್ದೇ ಇರ್ತಾರಲ್ಲಮ್ಮ, ಗೌನು ಇದ್ದ ಮೇಲೆ,” ಎಂದರು ನಮ್ಮವರು ಮೃದುವಾಗಿ. “ಸಾರ್‌ನ ಬೈಬೇಡಿ. ವಯಸ್ಸಾದ ಮೇಲೆ ಒಳಗಿನ ಆಸೆಗಳೆಲ್ಲ ಹೊರಗೆ ಬರತ್ತೆ. ಯಾರಿಗೂ ಕೆಡುಕಿಲ್ಲ.”

ಆಕೆ ಸರಸರನೆ ಮೆಟ್ಟಿಲು ಹತ್ತಿದರು. ಮೇಲೆ ಬಾಗಿಲು ಬಡಿದ ರಭಸಕ್ಕೆ ನಮ್ಮ ಸಾಲಿನ ಹ್ಯಾಂಗರುಗಳು ಒಂದಕ್ಕೊಂದು ತಾಗಿದವು.

“ರೀ, ನೀವು ಏನು ಮಾತಾಡಿದ್ರಿ ಅಂತ ಗೊತ್ತಾ? ಅವರು ಬೇರೆ ಏನೋ ಅಂದ್ಕೊಂಡ್ರು.”

“ಸಮಾಧಾನ ಮಾಡಿ ಕಳಿಸಿದೀನಲ್ಲ? ನಿನಗೆ ಎಲ್ಲದಕ್ಕೂ ಹೆದರಿಕೆ.”

ಇಸ್ತ್ರಿ ಮೇಜಿನ ಹಿಂದಿನಿಂದ ಅತ್ತೆ ಅಂದರು: “ಹೆದರೋಳು ಒಬ್ಬಳಾದ್ರೂ ಇರಲಿ ಬಿಡೋ ಮನೇಲಿ. ನಿನ್ನ ಪಾಲಿನದ್ದೂ ಅವಳೇ ಹೆದರ್ತಾಳೆ.”

ನಾನು ಹಿಂದಿನ ಕೋಣೆಗೆ ಹೋಗಿ ಸೋಪಿನ ನೀರು ಬಿಟ್ಟು ಬರುವಷ್ಟರಲ್ಲಿ ಸಾಲಿನಿಂದ ಗೌನು ಮಾಯವಾಗಿತ್ತು. ನಮ್ಮವರೂ ಇರಲಿಲ್ಲ.

“ಮೇಲೆ ಕೊಟ್ಟು ಬರ್ತೀನಿ ಅಂತ ಹೋದ,” ಎಂದರು ಅತ್ತೆ. “ಯಾರಿಗೂ ಕಾಣದ ಹಾಗೆ ಕಂಬಳಿ ಕವರಲ್ಲಿ ಹಾಕ್ಕೊಂಡು ಹೋದ. ಗರಿ ಹೊರಗೆ ಬಂದಿತ್ತು. ಯಾರೋ ಬಾತುಕೋಳಿ ಹಿಡ್ಕೊಂಡು ಹೋಗೋ ಹಾಗಿತ್ತು.”

ನಾನು ಮೆಟ್ಟಿಲ ಬುಡಕ್ಕೆ ಓಡುವಷ್ಟರಲ್ಲಿ ಅವರು ಇಳಿದು ಬರುತ್ತಿದ್ದರು. ಮುಖದಲ್ಲಿ ಧರ್ಮಕಾರ್ಯ ಮಾಡಿದ ಕಳೆ.

“ಕೊಟ್ಟೆ.”

“ಯಾರ ಕೈಗೆ?”

“ಸಾಕ್ಷಾತ್ ಅವರ ಕೈಗೇ. ಇಬ್ಬರು ಹಳೇ ವಕೀಲರು ಕೂತಿದ್ರು ಪಾಪ, ಅದಕ್ಕೇ ಗೌನು ಅನ್ನಲಿಲ್ಲ. ‘ಸಾರ್, ನಿಮ್ಮ ಆ ಐಟಂ’ ಅಂದೆ. ಸಾರ್ ಕವರ್ ಬಿಚ್ಚಿದ್ರು. ಏನೂ ಮಾತೇ ಆಡಲಿಲ್ಲ. ನಾಚಿಕೆ! ನಾನೇ ಹತ್ತಿರ ಹೋಗಿ, ‘ಯೋಚನೆ ಮಾಡಬೇಡಿ ಸಾರ್, ಬಣ್ಣ ನಿಮಗೆ ಒಪ್ಪತ್ತೆ’ ಅಂದು ಬಂದೆ.”

ನಾನು ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಕಣ್ಣಮುಂದೆ ಶೂ ಅಂಗಡಿಯವನ ಟೇಪು ಸರ್ರೆಂದು ಬಿಚ್ಚಿಕೊಂಡಿತು.

ಆ ಹೊತ್ತಿಗೆ ಬೇಕರಿಯವನು ಬಂದ. ಫೋನನ್ನು ಹಣೆಗೆ ಒತ್ತಿಕೊಂಡು, ಎದೆಯುಬ್ಬಿಸಿ ನಮ್ಮವರಿಗೆ ಸೆಲ್ಯೂಟ್ ಹೊಡೆದ. “ಏನ್ ಸ್ವಾಮಿ, ನನ್ನನ್ನ ಇನ್‌ಸ್ಪೆಕ್ಟರ್ ಯಾವಾಗ ಮಾಡಿದ್ರಿ? ‘ತಮ್ಮ ಪೊಲೀಸ್ ಪ್ಯಾಂಟು ಸಿದ್ಧವಾಗಿದೆ, ಸೊಂಟ ಸಡಿಲ ಮಾಡಲಾಗಿದೆ’ ಅಂತ ಬಂದಿದೆ. ಬಂದು ಹಾಕ್ಕೊಂಡು ಹೋಗಲಾ? ನಾಲ್ಕು ಜನರ ಹತ್ರ ಬಾಕಿ ವಸೂಲಿ ಮಾಡೋದಿದೆ.”

“ನಿಮಗೆ ಹೊಟ್ಟೆಕಿಚ್ಚು,” ಎಂದರು ನಮ್ಮವರು. “ನಿಮ್ಮ ಡಬ್ಬಕ್ಕೆ ಪ್ಯಾಂಟಿನ ಸೊಂಟ ಗೊತ್ತಾಗತ್ತಾ?”

“ಗೊತ್ತಾಗಲ್ಲ. ಅದಕ್ಕೇ ನಿದ್ದೆ ಚೆನ್ನಾಗಿ ಬರತ್ತೆ.”

ನಾನು ಅವರ ಮಾತು ಕೇಳುತ್ತಲೇ ಅತ್ತೆಯ ಕೈ ನೋಡುತ್ತಿದ್ದೆ. ಒಬ್ಬರು ಪರದೆಗಳ ಗಂಟು ಇಟ್ಟು ನಿಂತಿದ್ದರು. ಅತ್ತೆ, ಕುದಿಸಿ ಒಣಗಿಸಿದ ಟ್ಯಾಗುಗಳ ಡಬ್ಬಕ್ಕೆ ಕೈ ಹಾಕಿ, ಸಿಕ್ಕಿದ ಒಂದನ್ನು ಪರದೆಗೆ ಚುಚ್ಚಿದರು. ನಲವತ್ತು. ಹಿಂದಿನ ದಿನ ನಲವತ್ತು ನಂಬರು ಹೋಟೆಲಿನ ಅಡುಗೆಯವನ ಏಪ್ರನ್ನಿನ ಮೇಲಿತ್ತು. ಅದು ನನಗೆ ಗೊತ್ತಿತ್ತು, ನಾನೇ ಟೈಪ್ ಮಾಡಿದ್ದೆ.

ನಮ್ಮ ಅಂಗಡಿಯಲ್ಲಿ ನಂಬರು ಬಟ್ಟೆಯದು. ಬಟ್ಟೆ ಹೋದರೆ ನಂಬರೂ ಸ್ನಾನ ಮಾಡಿ ಬೇರೆಯವರ ಮೈ ಸೇರುತ್ತದೆ. ನನ್ನ ತಮ್ಮನ ಪಾಲಿಗೆ ಅದು ಮನುಷ್ಯರದು, ಸಾಯುವ ತನಕ ಅಂಟಿಕೊಂಡಿರುವಂಥದ್ದು. ಜಡ್ಜರು ಕೋಟು ಒಯ್ದರು, ಇಪ್ಪತ್ತೇಳು ಅವರ ಹೆಸರನ್ನು ಹೊತ್ತುಕೊಂಡೇ ಗೌನಿನ ಮೇಲೆ ಹೋಗಿ ಕೂತಿತು.

“ರೀ,” ಎಂದೆ. “ಆ ಗೌನು ಜಡ್ಜರದ್ದಲ್ಲ.”

“ಮತ್ತೆ ಯಾರದ್ದು?”

“ನನ್ನದು!” ಎಂದರು ಬಾಗಿಲಲ್ಲಿ ನಿಂತ ಎತ್ತರದ ಹೆಂಗಸು. ಇಪ್ಪತ್ತೇಳನೇ ಟ್ಯಾಗಿನ ಜೋಡಿಯನ್ನು ಕೌಂಟರ್ ಮೇಲೆ ಇಟ್ಟರು. ಆಕೆ ಡ್ಯಾನ್ಸ್ ಟೀಚರ್. “ರಾತ್ರಿ ಪ್ರಾಕ್ಟೀಸ್ ಮುಗಿಸಿ ಬಂದು ದುಡ್ಡೂ ಹಾಕಿದೀನಿ. ಒಂದು ಥ್ಯಾಂಕ್ಸೂ ಬರಲಿಲ್ಲ. ಇವತ್ತು ಸಂಜೆ ಶೋ ಇದೆ, ಬೇಗ ಕೊಡಿ.”

ನಮ್ಮವರು ಟ್ಯಾಗನ್ನು ತಿರುಗಿಸಿ ನೋಡಿದರು. ಹಿಂದೆಯೂ ಇಪ್ಪತ್ತೇಳೇ ಇತ್ತು.

“ಅದು... ಈಗ ಮೇಲಿನ ಕೋರ್ಟಲ್ಲಿದೆ,” ಎಂದರು.

ನಾವು ಮೂವರೂ ಮೇಲೆ ಹೋದೆವು. ಮುಂದೆ ಡ್ಯಾನ್ಸ್ ಟೀಚರ್, ನಡುವೆ ನಮ್ಮವರು, ಅವರು ಹಿಂದಕ್ಕೆ ತಿರುಗದಂತೆ ಹಿಂದೆ ನಾನು. ಮೆಟ್ಟಿಲ ತಿರುವಿನಲ್ಲಿ ಅವರ ಕಿವಿಯ ಹತ್ತಿರ ಹೇಳಿದೆ: “ಕೇಳಿದ್ರೆ ಸಿಸ್ಟಮ್ಮು ಯಾವುದೋ ಕಂಪನಿಯಿಂದ ಕೊಂಡಿದ್ದು ಅನ್ನಿ. ತಪ್ಪು ಅವರದ್ದು ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ. ಕರಾರು ಇದೆ.”

ಅವರು ತಲೆಯಾಡಿಸಿದರು. ಹೌದು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ.

ಜಡ್ಜರು ಉದ್ದನೆಯ ಮೇಜಿನ ಹಿಂದೆ ಕೂತಿದ್ದರು. ಮೇಜಿನ ಮೇಲೆ ಗೌನು. ಫ್ಯಾನು ತಿರುಗಿದಂತೆ ಅದರ ಗರಿಗಳು ಎದ್ದು ಎದ್ದು ಕೂರುತ್ತಿದ್ದವು, ಏನೋ ಹೇಳಿಕೆ ಕೊಡಲು ಹೊರಟವರಂತೆ. ವಕೀಲರಿಬ್ಬರೂ ಹೋಗಿರಲಿಲ್ಲ. ಇಂಥದ್ದನ್ನು ಬಿಟ್ಟು ಯಾರು ಹೋಗುತ್ತಾರೆ? ಜಡ್ಜರ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿದ್ದರು.

“ಈ ವಸ್ತು ಯಾರದ್ದು?”

“ನನ್ನದು ಸಾರ್,” ಎಂದರು ಡ್ಯಾನ್ಸ್ ಟೀಚರ್. ಕಿಟಕಿಯ ಕಡೆಯ ಮುಖ ಸರಕ್ಕನೆ ಇತ್ತ ತಿರುಗಿತು.

“ನಾನು ನಿಮ್ಮನ್ನ ಇದಕ್ಕೆ ಮುಂಚೆ ನೋಡಿದ್ದೀನಾ?”

“ಇಲ್ಲ ಸಾರ್. ನಾನೂ ನಿಮ್ಮನ್ನ ನೋಡಿಲ್ಲ.”

“ಕೇಳಿಸ್ಕೊಂಡ್ಯಾ?” ಎಂದರು ಜಡ್ಜರು ಹೆಂಡತಿಗೆ.

“ಇಂಥ ಸಾಕ್ಷಿಗಳನ್ನ ನಾನೂ ಬೇಕಾದಷ್ಟು ಕೇಳಿದೀನಿ,” ಎಂದರು ಆಕೆ. “ಮೊದಲು ಎಲ್ಲರೂ ನೋಡೇ ಇಲ್ಲ ಅಂತಾರೆ.”

ನಾನು ಮುಂದೆ ಬಂದು ಟ್ಯಾಗಿನ ಕಥೆ ಹೇಳಿದೆ. ಕೋಟಿನಿಂದ ಹಿಡಿದು ಬೇಕರಿಯವನ ಪೊಲೀಸ್ ಪ್ಯಾಂಟಿನವರೆಗೆ ಒಂದೂ ಬಿಡಲಿಲ್ಲ. ಪ್ಯಾಂಟಿನ ಸೊಂಟ ಬಂದಾಗ ವಕೀಲರಲ್ಲೊಬ್ಬರು ಕೆಮ್ಮುತ್ತಾ ವರಾಂಡಕ್ಕೆ ಹೋದರು. ಜಡ್ಜರ ಹೆಂಡತಿ ಎದ್ದು ಬಂದು ಗೌನಿನ ಸೊಂಟದ ಅಳತೆಯನ್ನು ಎರಡು ಕೈಯಲ್ಲಿ ಹಿಡಿದು, ಅದೇ ಅಳತೆಯನ್ನು ಡ್ಯಾನ್ಸ್ ಟೀಚರ್ ಹತ್ತಿರ ಒಯ್ದು, ಆಮೇಲೆ ಗಂಡನ ಹೊಟ್ಟೆಯ ಹತ್ತಿರ ತಂದರು. ಅಲ್ಲಿಗೆ ಅವರಿಗೆ ನಗು ಬಂತು. ಜಡ್ಜರಿಗೆ ಬರಲಿಲ್ಲ.

“ಈ ವ್ಯವಸ್ಥೆ,” ಎಂದರು ಅವರು ನಮ್ಮವರನ್ನೇ ನೋಡುತ್ತಾ, “ನನ್ನನ್ನ ನನ್ನ ಮನೇಲೇ ಅಪರಾಧಿ ಮಾಡಿದ ಈ ವ್ಯವಸ್ಥೆ, ಎಲ್ಲಿಂದ ಕೊಂಡ್ರಿ?”

ನಾನು ಹಿಂದಿನಿಂದ ನಮ್ಮವರ ಅಂಗಿ ಜಗ್ಗಿದೆ.

“ಕೊಂಡಿಲ್ಲ ಸಾರ್,” ಎಂದರು ಅವರು. ಎದೆ ತಾನಾಗಿ ಮುಂದೆ ಬಂತು. “ನಾವೇ ಮಾಡಿದ್ದು. ಸ್ವಂತದ್ದು.”

ನಾನು ಅಂಗಿ ಬಿಟ್ಟೆ. ಮುಗಿಯಿತು ಎಂದುಕೊಂಡೆ. ಬಾಯ್ಲರನ್ನು ಯಾವ ಬಾಗಿಲಿನಿಂದ ಹೊರಗೆ ತೆಗೆಯುವುದೆಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು.

“ಅಂದ್ರೆ ತಪ್ಪು ನಿಮ್ಮದು?”

“ಪೂರ್ತಿ ನಮ್ಮದೇ ಸಾರ್. ಬೇರೆ ಯಾರದ್ದೂ ಇದರಲ್ಲಿ ಒಂದು ಚೂರೂ ಇಲ್ಲ.”

ಜಡ್ಜರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. “ಕೂತ್ಕೊಳ್ಳಿ,” ಎಂದರು.

ಯಾರೂ ಕೂರಲಿಲ್ಲ.

“ನನ್ನ ಟೆಲಿಫೋನ್ ಕಂಪನಿ ಎರಡು ಸಲ ದುಡ್ಡು ಮುರ್ಕೊಂಡಿದೆ. ತಿಂಗಳುಗಟ್ಟಲೆಯಿಂದ ಕೇಳ್ತಾ ಇದೀನಿ. ಒಂದು ಒತ್ತಿ ಅಂತಾರೆ, ಎರಡು ಒತ್ತಿ ಅಂತಾರೆ, ಆಮೇಲೆ ಸಂಗೀತ ಹಾಕ್ತಾರೆ. ಬೈಯೋಣ ಅಂದ್ರೆ ಒಂದು ನರಪಿಳ್ಳೆ ಸಿಗಲ್ಲ. ನನ್ನ ಸರ್ವೀಸಲ್ಲೂ ಅಷ್ಟೇ, ತಪ್ಪು ನನ್ನದು ಅಂತ ತಾನಾಗಿ ನಿಂತು ಹೇಳಿದ ಮನುಷ್ಯನ್ನ ನೋಡಲಿಲ್ಲ. ಈಗ ಮೆಟ್ಟಿಲಿಳಿದ್ರೆ ಸಾಕು, ಒಬ್ಬ ಸಿಗ್ತಾನೆ. ಸಂಗೀತ ಇಲ್ಲ, ಏನಿಲ್ಲ, ನೇರ ಬೈಬಹುದು!” ಅವರ ಮುಖ ಅರಳಿತು. “ಕರಾರಿನ ಕಾಗದ ತನ್ನಿ.”

ನಮ್ಮವರು ಹಾರಿಕೊಂಡು ಹೋಗಿ ತಂದರು. ಅಷ್ಟರಲ್ಲಿ ಡ್ಯಾನ್ಸ್ ಟೀಚರ್ ಗೌನನ್ನು ಮಡಚಿಕೊಂಡು ಹೊರಟೇಬಿಟ್ಟಿದ್ದರು. ಜಡ್ಜರು ಅವಧಿ ಮುಂದುವರಿಸಿ, ಕೆಳಗೆ ತಮ್ಮ ಕೈಯಾರೆ ಒಂದು ಷರತ್ತು ಸೇರಿಸಿ ಗಟ್ಟಿಯಾಗಿ ಓದಿದರು: ‘ಬಾಡಿಗೆದಾರರು ಗಿರಾಕಿಗಳಿಂದ ಹಣ ಪಡೆಯುವ ವ್ಯವಸ್ಥೆಯನ್ನು ಸ್ವತಃ ನಿರ್ಮಿಸಿಕೊಂಡಿದ್ದು, ಅದನ್ನು ಸರಿಪಡಿಸಿ ನಡೆಸತಕ್ಕದ್ದು. ಹೊರಗಿನ ಯಾವುದೇ ಕಂಪನಿಯಿಂದ ಕೊಂಡದ್ದನ್ನು ಬಳಸಿದಲ್ಲಿ ಈ ಕರಾರು ತಾನಾಗಿಯೇ ರದ್ದಾಗತಕ್ಕದ್ದು.’

“ಒಪ್ಪಿಗೆನಾ?”

“ಇದಕ್ಕಿಂತ ಗೌರವ ಇನ್ನೇನಿದೆ ಸಾರ್!” ನಮ್ಮವರು ಸಹಿ ಹಾಕಿದರು. ಇಬ್ಬರು ವಕೀಲರು ಸಾಕ್ಷಿ ಹಾಕಿದರು. ನಾನೂ ಹಾಕಿದೆ. ಎಷ್ಟೋ ದಿನಗಳ ಮೇಲೆ ನನ್ನ ಉಸಿರು ಹೊಟ್ಟೆಯವರೆಗೆ ಇಳಿಯಿತು.

ಅದು ಅಲ್ಲಿ ಹೆಚ್ಚು ಹೊತ್ತು ಉಳಿಯಲಿಲ್ಲ. ಸುದ್ದಿ ಕೇಳಿ ಓಡಿ ಬಂದ ನನ್ನ ತಮ್ಮ ಮೆಟ್ಟಿಲ ತಿರುವಿನಲ್ಲಿ ಎದುರಾದ. ನಮ್ಮವರು ಅವನನ್ನು ಅಪ್ಪಿಕೊಂಡು, ಬೆನ್ನು ಬಡಿದು, “ಗೆದ್ದುಬಿಟ್ವಿ ಕಣಯ್ಯಾ!” ಎಂದು ಬೇಕರಿಯ ಕಡೆ ಇಳಿದು ಹೋದರು. ನಾನು ತಮ್ಮನಿಗೆ ಷರತ್ತನ್ನು ಹೇಳಿದೆ.

“ಅಕ್ಕ,” ಎಂದ. “ಹೊರಗಿನ ಕಂಪನಿ ಅಂದ್ರೆ... ಯಾವ ಥರದ್ದು?”

ಅವನು ಹಾಗೆ ಕೇಳಿದಾಗಲೇ ನಾನು ಗೋಡೆ ಹಿಡಿದುಕೊಂಡೆ.

“ಬೊಗಳು.”

“ಟ್ಯಾಗು, ಮೆಸೇಜು, ಅದೆಲ್ಲ ನಾನೇ ಮಾಡಿದ್ದು ಅಕ್ಕ, ನಿನ್ನಾಣೆ. ಆದ್ರೆ ದುಡ್ಡು ಬರೋ ಭಾಗ ಇದೆಯಲ್ಲ, ಅದು ನಮ್ಮಂಥೋರು ಮಾಡೋಕಾಗಲ್ಲ. ಬ್ಯಾಂಕಿನೋರು ಬಾಗಿಲ ಹತ್ರಾನೂ ಬಿಟ್ಕೊಳಲ್ಲ. ಅದಕ್ಕೇ... ಆ ಹುಡುಗಿ ಹತ್ರಾನೇ ತಗೊಂಡೆ. ಭಾವನ ಹತ್ರ ‘ನಾಕು ಕಾಗದಕ್ಕೆ ಸಹಿ ಹಾಕಿ’ ಅಂದೆ, ಓದದೆ ಹಾಕಿದ್ರು. ಮೇಲೆ ನಮ್ಮ ಹೆಸರು, ನಮ್ಮ ಬಣ್ಣ ಹಾಕಿದೀನಿ.”

“ಅಂದ್ರೆ ಸರಿಯಾಗಿ ನಡೀತಿರೋದು ಕೊಂಡಿದ್ದು. ಕೆಟ್ಟಿರೋದು ನಮ್ಮದು.”

“ಹಾಗೆ ಹೇಳಿದ್ರೆ ಬೇಜಾರಾಗತ್ತಕ್ಕ.”

“ಅವರ ಹೆಸರು ಎಲ್ಲಾದ್ರೂ ಕಾಣತ್ತಾ?”

“ಎಲ್ಲೂ ಇಲ್ಲ. ತಿಂಗಳಿಗೊಂದು ಸಲ ಕಮಿಷನ್ ಕಾಗದ ಬರತ್ತೆ. ಅದು ನನ್ನ ವಿಳಾಸಕ್ಕೆ.” ಅವನು ಧ್ವನಿ ತಗ್ಗಿಸಿದ. “ಭಾವಂಗೆ ಹೇಳಿಬಿಡ್ಲಾ?”

ಕೆಳಗೆ ನಮ್ಮವರ ಧ್ವನಿ ಬೇಕರಿಯವನ ಡಬ್ಬದ ಧ್ವನಿಯನ್ನೂ ಮೀರಿ ಕೇಳುತ್ತಿತ್ತು: “ಜಡ್ಜರೇ ಬರೆದುಕೊಟ್ಟಿದ್ದಾರೆ ಸ್ವಾಮಿ, ಸ್ವಂತದ್ದು ಅಂತ! ನಿಮ್ಮದಕ್ಕೆ ಯಾರಾದ್ರೂ ಬರೆದುಕೊಟ್ಟಿದ್ದಾರಾ?” ಮೇಲೆ ಜಡ್ಜರು ಹೆಂಡತಿಯ ಜೊತೆ ನಗುತ್ತಿದ್ದರು. ನಮ್ಮವರಿಗೆ ಹೇಳಿದರೆ ಇಂದೇ ಮೆಟ್ಟಿಲು ಹತ್ತಿ ಹೋಗಿ ಅದನ್ನೂ ಎದೆಯುಬ್ಬಿಸಿ ಒಪ್ಪಿಕೊಳ್ಳುತ್ತಾರೆ. ಜಡ್ಜರಿಗೆ ಹೇಳಿದರೆ ನಾಳೆ ಇಲ್ಲಿ ಶೂ ಅಂಗಡಿ. ಅತ್ತೆಗೆ ಹೇಳಿದರೆ ಸಂಜೆಯೊಳಗೆ ಪರದೆಯವರಿಗೆ, ಏಪ್ರನ್ನಿನವರಿಗೆ, ಪೊಲೀಸ್ ಪ್ಯಾಂಟಿನವರಿಗೆ.

“ನೀನು ಹೋಗಿ ಆ ನಂಬರುಗಳನ್ನ ಸರಿಮಾಡು,” ಎಂದೆ. “ಕಾಗದ ಬಂದ್ರೆ ಹರಿದು ಹಾಕಬೇಡ, ನನಗೆ ತಂದುಕೊಡು. ಇನ್ನು ಬಾಯಿ ತೆಗೆದ್ರೆ ನೋಡು.”

ಅವನು ಬಾಯಿಯ ಮೇಲೆ ಕೈಯಿಟ್ಟುಕೊಂಡೇ ಇಳಿದು ಹೋದ.

ಅಂಗಡಿಯಲ್ಲಿ ಅತ್ತೆ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಎಲ್ಲ ಒಳ್ಳೇದಾಯ್ತಂತೆ. ಮತ್ತೆ ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ? ಮೇಲೆ ಇನ್ನೇನಾಯ್ತು?”

“ಏನೂ ಇಲ್ಲ ಅತ್ತೆ,” ಎಂದೆ. “ಮೆಟ್ಟಿಲು ಜಾಸ್ತಿ.”